ಐವತ್ತೆರಡನೆಯ ಹೆಸರು

ಇಪ್ಪತ್ತಮೂರು ಆಟದಲ್ಲಿ ಎರಡು ಗೆದ್ದೆವು ಈ ವರ್ಷ.
ಎರಡನೆಯದನ್ನು ಗೆಲ್ಲಬಾರದಿತ್ತು ಎಂದ ಲೆಕ್ಕದವನು.
ಸೋತಷ್ಟೂ ಮುಂದೆ ಬರುತ್ತದೆ ಸರದಿ,
ಕಡೆಯವನಿಗೆ ಮೊದಲ ಎಲೆ ಹಾಕುವ ಪಂಕ್ತಿ ಇದು.

ನಾಯಕನನ್ನು ಮಾರಿದೆವು. ಮಾರಿದೆವು ಎನ್ನಬಾರದು,
ವಿನಿಮಯ ಎಂದು ಬರೆದರು ಪ್ರಕಟಣೆಯಲ್ಲಿ.
ಹನ್ನೆರಡು ವರ್ಷ ನಮ್ಮ ಬಣ್ಣ ತೊಟ್ಟವನು
ಬೂಟುಗಳನ್ನು ಸೂಪರ್‌ಮಾರ್ಕೆಟ್ ಚೀಲಕ್ಕೆ ತುರುಕಿ
ಹಿಂಬಾಗಿಲಿನಿಂದ ಕಾರಿಗೆ ನಡೆದ.
ಬದಲಿಗೆ ನಮಗೆ ಬಂದದ್ದು ಎರಡು ಅಂಕಿ:
ಹದಿನಾಲ್ಕು. ಐವತ್ತೆರಡು.
ಅಂಕಿಗೆ ಮುಖ ಹುಡುಕುವುದು ನನ್ನ ಕೆಲಸ.

ಮೆಲ್ಬರ್ನಿನಿಂದ ಪಡುವಣಕ್ಕೆ ನಾಲ್ಕು ಗಂಟೆ ದಾರಿ.
ಹಿಂದಿನ ಸೀಟಿನಲ್ಲಿ ಮಡಚುವ ಕುರ್ಚಿ, ದುರ್ಬೀನು, ಫ್ಲಾಸ್ಕು,
ನೆಂದು ಉಬ್ಬಿದ ನೋಟುಬುಕ್ಕು.
ಅದರೊಳಗೆ ಎಲ್ಲ ಹುಡುಗರೂ ಹದಿನೇಳರಲ್ಲೇ ನಿಂತಿದ್ದಾರೆ:
ಎತ್ತರ, ತೋಳಿನಳತೆ, ಇಪ್ಪತ್ತು ಮೀಟರಿಗೆ ಎಷ್ಟು ಸೆಕೆಂಡು,
ಅಪ್ಪ ಕುಡಿಯುತ್ತಾನೆಯೇ, ಎಡಗಾಲು ಬರೀ ಊರುಗೋಲೇ.

ಹಾರ್ಶಮ್ ಇನ್ನೂ ಹತ್ತು ಮೈಲಿ ಇರುವಾಗ ಟೈರು ಒಡೆಯಿತು.
ವ್ಯಾನಿನಿಂದ ಇಳಿದವನು ಪೆನ್‌ಹಲುರಿಕ್.
ಹನ್ನೊಂದು ವರ್ಷದ ಹಿಂದೆ, ಮೂರನೆಯ ಸರದಿಗೆ,
ಮೇಜು ಗುದ್ದಿ ನಾನು ಕೂಗಿಸಿದ ಹೆಸರು.
ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆ ಅಂದಿದ್ದೆ.
ಕಂಡಿತ್ತು, ಸುಳ್ಳಲ್ಲ.
ಮೊಣಕಾಲೊಳಗಿನ ಎಳೆಯೊಂದು ಕಂಡಿರಲಿಲ್ಲ.
ಆಡಿದ್ದು ಒಂಬತ್ತೇ ಆಟ.
ಜನ ಅವನನ್ನು ಮರೆತರು. ನನ್ನನ್ನು ಮರೆಯಲಿಲ್ಲ.

ಜ್ಯಾಕ್ ಕೊಟ್ಟು ಕುಳಿತ, ಬಲಗಾಲು ಪಕ್ಕಕ್ಕೆ ಚಾಚಿ,
ತುಕ್ಕು ಹಿಡಿದ ಕತ್ತರಿಯ ಒಂದು ಅಲಗಿನ ಹಾಗೆ.
"ಯಾರನ್ನು ನೋಡಲು ಹೊರಟೆ?"
"ನಿಲ್ ಊರಿನಲ್ಲಿ ಒಬ್ಬ ಇದ್ದಾನಂತೆ."
"ಆ ಕುಳ್ಳ ತಾನೆ? ಬರ್ಮಾ ಗಡಿಯಿಂದ ಬಂದ ಕರೆನ್ ಜನ.
ತಾಯಿ ಬಾತುಕೋಳಿ ಕಾರ್ಖಾನೆಯಲ್ಲಿದ್ದಾಳೆ."
ನಟ್ಟು ಬಿಗಿದ. "ಚೆಂಡು ನೋಡಬೇಡ, ಅದನ್ನು ಎಲ್ಲರೂ ನೋಡುತ್ತಾರೆ.
ಕೈತಪ್ಪಿದ ಮೇಲೆ ಅವನ ಮುಖ ನೋಡು."
ಕ್ಷಮೆ ಕೇಳಬೇಕೆನಿಸಿತು; ಯಾವುದಕ್ಕೆಂದು ಹೊಳೆಯಲಿಲ್ಲ.
ನೂರಾ ಎಂಬತ್ತು ಡಾಲರು ಎಣಿಸಿಕೊಂಡ,
ವಾಲ್ವಿಗೆ ಬೇರೆ ನಾಲ್ಕು.

ಗೋಧಿಯ ಸೈಲೋ ನೆರಳಿನಲ್ಲಿ ಮೈದಾನ.
ಕಾರುಗಳು ಬೇಲಿಗೆ ಮೂತಿ ಹಚ್ಚಿ ನಿಂತಿವೆ, ಗೋಲಾದರೆ ಹಾರ್ನು.
ಗುಂಡು ಚೆಂಡಾದರೆ
ನೆಲ ಕೊಟ್ಟದ್ದನ್ನು ಕೊಟ್ಟ ಹಾಗೇ ಹಿಂದಿರುಗಿಸುತ್ತದೆ.
ಇದು ಎರಡು ಮೂತಿಯದು,
ಪುಟಿದರೆ ಎತ್ತ ಹೊರಳುವುದೋ ಅದಕ್ಕೇ ತಿಳಿಯದು.
ಲೆರ್ ವಾ, ನೂರಾ ಎಪ್ಪತ್ತೆರಡು ಸೆಂಟಿಮೀಟರು,
ಎಲ್ಲರೂ ಓಡುವ ಕಡೆ ಓಡಲಿಲ್ಲ.
ಅದು ಹೊರಳಿ ಬರುವಲ್ಲಿ ಮೊದಲೇ ನಿಂತಿದ್ದ
ದಿನದ ಬಸ್ಸಿಗೆ ಕಾಯುವವನ ಹಾಗೆ.

ಮೂರನೆಯ ಕ್ವಾರ್ಟರಿನಲ್ಲಿ ಮಗುವೂ ಹಿಡಿಯುವಂಥ ಮಾರ್ಕು
ಅಂಗೈಯಿಂದ ಜಾರಿತು. ದುರ್ಬೀನು ಎತ್ತಿದೆ.
ನಕ್ಕ.
ನಾಚಿಕೆ ಮುಚ್ಚುವ ನಗೆಯಲ್ಲ,
ಚೆಂಡೇ ಏನೋ ತಮಾಷೆ ಹೇಳಿದ ಹಾಗೆ.
ಆಮೇಲೆ ಓಡಿದ, ಕಿತ್ತುಕೊಂಡವನು ಒದೆಯುವಷ್ಟರಲ್ಲಿ
ಬೂಟಿನ ಮೇಲೆ ಎರಡೂ ಅಂಗೈ ಚೆಲ್ಲಿ
ಆ ಒದೆತವನ್ನು ಅಲ್ಲೇ ಹೂತ.

ಶಿಫ್ಟು ಮುಗಿಸಿ ನೇರ ಬಂದಿದ್ದಳು ತಾಯಿ,
ಬಿಳಿ ರಬ್ಬರು ಬೂಟಿನಲ್ಲೇ.
ನಾನು ಯಾರೆಂದು ಹೇಳಿದೆ.
"ಕರೆದುಕೊಂಡು ಹೋಗುವವರು ನೀವು,
ವಾಪಸು ತಂದು ಬಿಡುವವರು ಯಾರು?"
ನೋಟುಬುಕ್ಕಿನಲ್ಲಿ ಅದಕ್ಕೆ ಕಾಲಮ್ಮಿಲ್ಲ.

ನವೆಂಬರ್. ಒಂದು ಕೋಣೆ, ಆರಿದ ಪಿಜ್ಜಾ,
ಗೋಡೆ ತುಂಬ ಅಯಸ್ಕಾಂತದ ಪಟ್ಟಿಗಳಲ್ಲಿ ಹೆಸರು.
ಎರಡನೆಯ ಸರದಿಗೆ ದೇಶವೇ ಒಪ್ಪಿದ ಎತ್ತರದವನು,
ಹದಿನಾಲ್ಕಕ್ಕೆ ಪರ್ತಿನ ಒಬ್ಬ; ಕೈ ಕುಲುಕಿದೆವು.
ಮೂವತ್ತು. ನಲವತ್ತು. ಗೋಡೆ ಬೋಳಾಗುತ್ತ ಬಂತು.
ಐವತ್ತೆರಡಕ್ಕೆ ಕೋಚ್ ನನ್ನತ್ತ ತಿರುಗಿದ.
ಮೇಜು ಗುದ್ದಲಿಲ್ಲ ಈ ಸಲ.
ಮೆಲ್ಲಗೆ ಹೇಳಿದೆ. ಇನ್ನೊಮ್ಮೆ ಅಂದರು.
ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.

ಹತ್ತೂವರೆಗೆ ಅವನೇ ಫೋನು ಮಾಡಿದ:
"ನಾಳೆ ಬೆಳಿಗ್ಗೆ ಕಾರ್ಖಾನೆಯಲ್ಲಿ ನನಗೂ ಶಿಫ್ಟಿದೆ,
ರಜೆ ಯಾರ ಹತ್ತಿರ ಕೇಳಲಿ?"
ಅಮ್ಮನಿಗೆ ಕೊಡು ಎಂದೆ.
ಅತ್ತ ಕುರ್ಚಿ ಎಳೆದ ಸದ್ದು, ನಲ್ಲಿ ನಿಂತ ಸದ್ದು.
ಏನು ಹೇಳಬೇಕೆಂದು ನನಗಿನ್ನೂ ಗೊತ್ತಿರಲಿಲ್ಲ.
"ಹಲೋ" ಎಂದಳು.